ಗಣಕಕ್ಕೆ ಒಪ್ಪುವ ಸ್ಮರಣೆ

ಮದುವೆಯ ಮನೆಯ ಅಡುಗೆಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಗಳೆಲ್ಲ ಉಗ್ರಾಣದಲ್ಲಿ ತುಂಬಿರುತ್ತವೆ. ಆದರೆ ಅಡುಗೆಯ ಭಟ್ಟರು ಒಗ್ಗರಣೆಯ ಹೊತ್ತಿಗೆ ಸಾಸಿವೆಯನ್ನು ಹುಡುಕುತ್ತ ಉಗ್ರಾಣಕ್ಕೆ ಓಡುವುದಿಲ್ಲ. ಆಗ ಬೇಕಾಗುವ ಪದಾರ್ಥಗಳನ್ನೆಲ್ಲ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೈಗೆ ಎಟುಕುವಂತೆ ಮೊದಲೇ ಜೋಡಿಸಿಕೊಂಡಿರುತ್ತಾರೆ. ಕಟ್ಟೆ ಕಿರಿದಾಗಿದ್ದರೆ ಸಹಾಯಕನು ಮತ್ತೆ ಮತ್ತೆ ಉಗ್ರಾಣಕ್ಕೆ ಹೋಗಿಬರಬೇಕಾಗುತ್ತದೆ. ಒಲೆ ಉರಿಯುತ್ತಿದ್ದರೂ ಅಡುಗೆ ಮುಂದೆ ಸಾಗುವುದಿಲ್ಲ.

ಗಣಕಯಂತ್ರದ ಒಳಗೂ ಇಂಥದೇ ಒಂದು ಏರ್ಪಾಡು ಇದೆ. ಚಿತ್ರ, ಲೇಖನ, ಆಟ ಮುಂತಾದ ಎಲ್ಲವನ್ನೂ ಶಾಶ್ವತವಾಗಿ ಕಾಪಾಡುವ ಡಿಸ್ಕ್ ಅದರ ಉಗ್ರಾಣ. ಲೆಕ್ಕಾಚಾರಗಳನ್ನು ಮಾಡುವ ಪ್ರೊಸೆಸರ್ ಅದರ ಅಡುಗೆಯ ಭಟ್ಟ. ಈ ಎರಡರ ನಡುವೆ, ಆ ಕ್ಷಣಕ್ಕೆ ಬೇಕಾದುದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಕಟ್ಟೆಯೇ ಸ್ಮರಣೆ. ಅಂಗಡಿ ಬೀದಿಗಳಲ್ಲಿ ಇದಕ್ಕೆ ‘ರ‍್ಯಾಮ್’ ಎಂಬ ಹೆಸರು ರೂಢಿಯಾಗಿದೆ. ಪತ್ರ ಬರೆಯಲು, ಲೆಕ್ಕ ಹಾಕಲು ಚಿಕ್ಕ ಕಟ್ಟೆಯೂ ಸಾಕು. ಆದರೆ ಇಂದಿನ ಗಣಕದ ಆಟಗಳಲ್ಲಿ ನಗರ, ಬೆಟ್ಟ, ಮೋಡ, ಮರಗಳೆಲ್ಲ ಆಟಗಾರನ ಕಣ್ಣೆದುರಿಗೆ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ. ಕಟ್ಟೆ ಸಾಲದಾದಾಗ ಯಂತ್ರವು ಉಗ್ರಾಣಕ್ಕೆ ಓಡುತ್ತದೆ. ಪರದೆಯ ಮೇಲಿನ ದೃಶ್ಯವು ತಡೆತಡೆದು ಚಲಿಸುತ್ತದೆ.

ಸ್ಮರಣೆಯ ಹಸಿವು ಎಷ್ಟು ಬೇಗ ಬೆಳೆಯುತ್ತಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ವಿಮಾನ ಹಾರಿಸುವ ಅನುಭವವನ್ನು ಮನೆಯಲ್ಲಿಯೇ ನೀಡುವ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ 2020ರಲ್ಲಿ ಹೊಸ ರೂಪದಲ್ಲಿ ಬಂದಾಗ, ಕನಿಷ್ಠ 8 ಗಿಗಾಬೈಟ್ ಸ್ಮರಣೆ ಬೇಕೆಂದೂ 16 ಇದ್ದರೆ ಒಳ್ಳೆಯದೆಂದೂ ಅದರ ತಯಾರಕರು ತಿಳಿಸಿದ್ದರು. ನಾಲ್ಕು ವರ್ಷಗಳ ಬಳಿಕ 2024ರಲ್ಲಿ ಬಂದ ಅದರ ಮುಂದಿನ ಆವೃತ್ತಿಗೆ ಕನಿಷ್ಠ ಅಗತ್ಯವೇ 16 ಗಿಗಾಬೈಟ್ ಆಯಿತು. ಸೂಚಿಸಿದ ಪ್ರಮಾಣ 32ಕ್ಕೆ ಏರಿತು. ಹಳೆಯ ಗಣಕಗಳನ್ನು ಉಳ್ಳವರು ಹೊಸ ಸ್ಮರಣೆಯನ್ನು ಕೊಳ್ಳಲು ಅಂಗಡಿಗೆ ಹೋಗುವುದು ಇಂಥ ಕಾರಣಗಳಿಂದಲೇ.

ಅಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಮಧ್ಯಮ ವರ್ಗದ ಒಂದು ಮನೆ. ಕಾಲೇಜಿನಲ್ಲಿ ಓದುವ ಅಣ್ಣ, ಒಂಬತ್ತನೆಯ ತರಗತಿಯ ತಂಗಿ. ಮನೆಯಲ್ಲಿ 2020ರಲ್ಲಿ ಜೋಡಿಸಿದ ಒಂದು ಗಣಕಯಂತ್ರವಿದೆ. ಅದರಲ್ಲಿರುವುದು 8 ಗಿಗಾಬೈಟಿನ ಒಂದೇ ರ‍್ಯಾಮ್ ಪಟ್ಟಿ. ವಿಮಾನದ ಆಟದಲ್ಲಿ ನಗರವೊಂದರ ಮೇಲೆ ಬರುತ್ತಲೇ ಪರದೆ ನಿಂತುಬಿಡುತ್ತದೆ. ತಾಯಿ ಚೀಟಿ ಹಾಕಿ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಮಗನ ಕೈಗೆ ಕೊಡುತ್ತಾಳೆ. ಅವನು ಪೇಟೆಗೆ ಹೋಗಿ, ಎಲ್ಲಕ್ಕಿಂತ ಹೊಸತು ಯಾವುದೆಂದು ಕೇಳಿ, ಡಿಡಿಆರ್5 ಎಂಬ ಬಗೆಯ ಸ್ಮರಣೆಯನ್ನು ತರುತ್ತಾನೆ. ಗಣಕದ ಪೆಟ್ಟಿಗೆಯನ್ನು ತೆರೆದು ಸ್ಲಾಟಿನಲ್ಲಿಟ್ಟು ಒತ್ತಿದರೆ ಅದು ಕೆಳಗಿಳಿಯುವುದಿಲ್ಲ. ಅವನು ಎರಡೂ ಹೆಬ್ಬೆರಳುಗಳನ್ನು ಊರಿ ಇನ್ನಷ್ಟು ಬಲ ಹಾಕಲು ಸಿದ್ಧನಾಗುತ್ತಾನೆ.

“ಅಣ್ಣಾ, ಸ್ವಲ್ಪ ತಾಳು. ಹಳೆಯದನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡೋಣ” ಎನ್ನುತ್ತಾಳೆ ತಂಗಿ.

ಎರಡು ಪಟ್ಟಿಗಳನ್ನೂ ಅಕ್ಕಪಕ್ಕದಲ್ಲಿ ಹಿಡಿದಾಗ ವ್ಯತ್ಯಾಸ ಕಾಣುತ್ತದೆ. ಉದ್ದ ಒಂದೇ, ಎರಡರ ಅಂಚಿನಲ್ಲಿಯೂ ಬಂಗಾರದ ಬಣ್ಣದ 288 ಸಂಪರ್ಕಗಳಿವೆ. ಆದರೆ ಅಂಚಿನ ನಡುವೆ ಕೊರೆದಿರುವ ಸಣ್ಣ ಕಚ್ಚು ಮಾತ್ರ ಹಳೆಯದರಲ್ಲಿ ಒಂದು ಕಡೆ, ಹೊಸದರಲ್ಲಿ ಸ್ವಲ್ಪ ಸರಿದು ಮತ್ತೊಂದು ಕಡೆ ಇದೆ. ಸ್ಲಾಟಿನೊಳಗಿನ ಗಟ್ಟಿಯಾದ ತಡೆಗೋಡೆಗೆ ಹಳೆಯ ಕಚ್ಚು ಸರಿಯಾಗಿ ಕೂರುತ್ತದೆ, ಹೊಸದು ಕೂರುವುದಿಲ್ಲ. ಬಲವಂತದಿಂದ ಒತ್ತಿದ್ದರೆ ಪಟ್ಟಿಯೋ ಸ್ಲಾಟೋ ಮುರಿಯುತ್ತಿತ್ತು. ಚೀಟಿಯ ಹಣದೊಡನೆ ಇದ್ದ ಯಂತ್ರವೂ ಕೆಡುತ್ತಿತ್ತು.

ಈ ಕಚ್ಚು ತಯಾರಿಕೆಯ ದೋಷವಲ್ಲ. ತಪ್ಪನ್ನು ತಡೆಯಲೆಂದೇ ಅದನ್ನು ಅಲ್ಲಿ ಕೊರೆಯಲಾಗಿದೆ. ಅದು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಸ್ಮರಣೆಯ ಹುಟ್ಟು ಬೆಳವಣಿಗೆಗಳನ್ನು ಸ್ವಲ್ಪ ಅರಿಯಬೇಕು.

ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ವಿಜ್ಞಾನಿಗೆ 1966ರಲ್ಲಿ ಒಂದು ಸರಳವಾದ ಉಪಾಯ ಹೊಳೆಯಿತು. ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಂಶವನ್ನು ಹಿಡಿದಿಡುವ ಒಂದು ಕೆಪಾಸಿಟರ್, ಇವೆರಡನ್ನೇ ಬಳಸಿ ಒಂದು ನೆನಪಿನ ಕೋಶವನ್ನು ರಚಿಸಬಹುದು ಎಂಬುದೇ ಆ ಉಪಾಯ. ವಿದ್ಯುದಂಶ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. 1968ರಲ್ಲಿ ಅವರಿಗೆ ಇದರ ಪೇಟೆಂಟ್ ದೊರೆಯಿತು. ಆದರೆ ಈ ಕೋಶವು ತೂತಿರುವ ಕೊಡದಂತೆ, ತುಂಬಿದ್ದು ಸೋರಿಹೋಗುತ್ತದೆ. ಆದುದರಿಂದ ಸೆಕೆಂಡಿಗೆ ಹಲವಾರು ಬಾರಿ ಅದನ್ನು ಓದಿ ಮತ್ತೆ ತುಂಬುತ್ತಲೇ ಇರಬೇಕು. ವಿದ್ಯುತ್ತು ನಿಂತೊಡನೆ ನೆನಪೂ ಅಳಿದುಹೋಗುತ್ತದೆ. 1970ರಲ್ಲಿ ಇಂಟೆಲ್ ಸಂಸ್ಥೆಯು ಮಾರುಕಟ್ಟೆಗೆ ತಂದ 1103 ಎಂಬ ಸ್ಮರಣೆಯ ಚಿಪ್ಪಿನಲ್ಲಿ ನೆನಪಿನ ಕೋಶಗಳು 1,024 ಇದ್ದವು. ಇಂದು ಅಂಗೈಯಲ್ಲಿ ಹಿಡಿಯಬಹುದಾದ 16 ಗಿಗಾಬೈಟಿನ ಒಂದು ಪಟ್ಟಿಯಲ್ಲಿ ಸುಮಾರು 13,700 ಕೋಟಿ ಕೋಶಗಳಿವೆ.

ಕೋಶಗಳು ಹೆಚ್ಚಿದಂತೆ ಅವುಗಳಿಂದ ಪ್ರೊಸೆಸರಿಗೆ ಮಾಹಿತಿಯನ್ನು ಸಾಗಿಸುವ ವೇಗವೂ ಹೆಚ್ಚಬೇಕಾಯಿತು. ಗಣಕದ ಕೆಲಸವೆಲ್ಲ ಒಂದು ತಾಳಕ್ಕೆ ಅನುಸಾರವಾಗಿ ನಡೆಯುತ್ತದೆ. ಮೊದಲು ತಾಳದ ಒಂದೊಂದು ಪೆಟ್ಟಿಗೆ ಒಂದು ಬಾರಿ ಮಾಹಿತಿ ಸಾಗುತ್ತಿತ್ತು. ಕೈ ಏಳುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹೀಗೆ ಪೆಟ್ಟಿಗೆ ಎರಡು ಬಾರಿ ಸಾಗಿಸುವ ವಿಧಾನಕ್ಕೆ ‘ಡಬಲ್ ಡೇಟಾ ರೇಟ್’, ಸಂಕ್ಷೇಪವಾಗಿ ಡಿಡಿಆರ್ ಎಂದು ಹೆಸರಾಯಿತು. ಇದರ ಮೊದಲ ತಲೆಮಾರಿನ ನಿಯಮಗಳು 2000ದಲ್ಲಿ ಪ್ರಕಟವಾದವು. ಬಳಿಕ 2003ರಲ್ಲಿ ಡಿಡಿಆರ್2, 2007ರಲ್ಲಿ ಡಿಡಿಆರ್3, 2012ರಲ್ಲಿ ಡಿಡಿಆರ್4, 2020ರಲ್ಲಿ ಡಿಡಿಆರ್5 ನಿಯಮಗಳು ಬಂದವು. ಒಂದೊಂದು ತಲೆಮಾರಿಗೂ ಬೇಕಾಗುವ ವಿದ್ಯುತ್ತಿನ ಒತ್ತಡ ಕಡಿಮೆಯಾಗುತ್ತ ಬಂದಿದೆ. ಮೊದಲನೆಯದಕ್ಕೆ 2.5 ವೋಲ್ಟ್ ಬೇಕಾಗಿತ್ತು. ಅನಂತರ ಕ್ರಮವಾಗಿ 1.8, 1.5, 1.2 ಆಗಿ, ಡಿಡಿಆರ್5ರಲ್ಲಿ ಅದು 1.1ಕ್ಕೆ ಇಳಿಯಿತು. ಸಂಪರ್ಕಗಳ ಅರ್ಥವೂ ಬದಲಾಯಿತು. ಒಂದು ತಲೆಮಾರಿನ ಪಟ್ಟಿಯನ್ನು ಮತ್ತೊಂದರ ಸ್ಲಾಟಿನಲ್ಲಿ ಇಟ್ಟರೆ ವಿದ್ಯುತ್ತು ಹರಿಯಬಾರದ ಕಡೆ ಹರಿದು ಎರಡೂ ಸುಟ್ಟುಹೋಗಬಹುದು. ಆದುದರಿಂದಲೇ ತಲೆಮಾರಿಗೊಂದು ಕಡೆ ಕಚ್ಚು. ಕತ್ತಲೆಯಲ್ಲಿ ಜೋಡಿಸುವ ಕೈಗೂ ಅದು ಎಚ್ಚರಿಕೆ ಕೊಡುತ್ತದೆ.

ಈ ನಿಯಮಗಳನ್ನು ಮಾಡಿದವರು ಯಾರು? ಹಿಂದೆ ನಮ್ಮ ನಾಡಿನಲ್ಲಿ ಊರೂರಿಗೆ ಸೇರು ಬೇರೆ, ಕೊಳಗ ಬೇರೆಯಾಗಿತ್ತು. ಒಂದು ಊರಿನ ಅಳತೆಯಲ್ಲಿ ಕೊಟ್ಟ ಧಾನ್ಯ ಮತ್ತೊಂದು ಊರಿನ ಅಳತೆಯಲ್ಲಿ ಕಡಿಮೆ ಬಿದ್ದು ಜಗಳಗಳಾಗುತ್ತಿದ್ದವು. 1956ರಲ್ಲಿ ತೂಕ ಅಳತೆಗಳ ಶಾಸನವಾಗಿ, 1958ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ದೇಶದಲ್ಲೆಲ್ಲ ಬಳಕೆಗೆ ಬಂದವು. ಅದೇ 1958ರಲ್ಲಿ ಅಮೆರಿಕದಲ್ಲಿ ಇಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಸಮಾನವಾದ ನಿಯಮಗಳನ್ನು ರೂಪಿಸಲು ಜೆಡೆಕ್ ಎಂಬ ಮಂಡಲಿ ಸ್ಥಾಪನೆಯಾಯಿತು. ವ್ಯಾಪಾರದಲ್ಲಿ ಪರಸ್ಪರ ಸ್ಪರ್ಧಿಗಳಾದ ಸಂಸ್ಥೆಗಳೇ ಅಲ್ಲಿ ಒಟ್ಟಿಗೆ ಕುಳಿತು ಉದ್ದ, ಒತ್ತಡ, ತಾಳ, ಕಚ್ಚಿನ ಸ್ಥಾನ ಎಲ್ಲವನ್ನೂ ನಿರ್ಧರಿಸುತ್ತವೆ. ಅದರ ಫಲವಾಗಿ ಕೊರಿಯದಲ್ಲಿ ತಯಾರಾದ ಸ್ಮರಣೆಯು ತೈವಾನಿನ ಸಂಸ್ಥೆಯೊಂದು ರಚಿಸಿದ ಮದರ್‌ಬೋರ್ಡಿನಲ್ಲಿ ಕುಳಿತು, ಅಮೆರಿಕದಲ್ಲಿ ರೂಪುಗೊಂಡ ಪ್ರೊಸೆಸರಿನೊಡನೆ ಮಾತಾಡುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಇವು ಮೂರೂ ಮೊದಲ ಬಾರಿಗೆ ಸೇರಿದರೂ ತೊಡಕಾಗುವುದಿಲ್ಲ. ಪರಸ್ಪರ ಮುಖ ನೋಡದವರ ನಡುವಣ ಒಪ್ಪಂದವೇ ಈ ಹೊಂದಿಕೆಗೆ ಆಧಾರ. ಕೊಳ್ಳುವವನು ಆ ಒಪ್ಪಂದದ ತನ್ನ ಪಾಲನ್ನು ನಡೆಸಬೇಕು. ಎಂದರೆ, ಬರೆದಿರುವುದನ್ನು ಓದಬೇಕು.

ಓದಬೇಕಾದ ಮೊದಲನೆಯದು ಮದರ್‌ಬೋರ್ಡಿನ ಹೆಸರು. ಅದು ಬೋರ್ಡಿನ ಮೇಲೆಯೇ ಅಚ್ಚಾಗಿರುತ್ತದೆ. ಯಾವ ತಲೆಮಾರಿನ ಸ್ಮರಣೆ ಬೇಕೆಂಬುದನ್ನು ಪ್ರೊಸೆಸರ್ ಮತ್ತು ಬೋರ್ಡು ಕೂಡಿ ನಿಶ್ಚಯಿಸುತ್ತವೆ. ಎಎಂಡಿ ಸಂಸ್ಥೆಯ ಎಎಂ4 ಬಗೆಯ ಬೋರ್ಡುಗಳು ಡಿಡಿಆರ್4 ಸ್ಮರಣೆಯನ್ನು ಮಾತ್ರ ಒಪ್ಪುತ್ತವೆ. 2022ರಲ್ಲಿ ಬಂದ ಎಎಂ5 ಬಗೆಯವು ಡಿಡಿಆರ್5ನ್ನು ಮಾತ್ರ. ಇಂಟೆಲ್ ಸಂಸ್ಥೆಯ 12, 13 ಮತ್ತು 14ನೆಯ ತಲೆಮಾರಿನ ಮೇಜಿನ ಗಣಕದ ಪ್ರೊಸೆಸರುಗಳು ಎರಡನ್ನೂ ಬಲ್ಲವು. ಆದರೆ ಬೋರ್ಡು ಯಾವುದಕ್ಕೆ ರಚಿತವಾಗಿದೆಯೋ ಅದನ್ನೇ ಕೊಳ್ಳಬೇಕು. ಇಲ್ಲಿ ಪ್ರೊಸೆಸರಿನ ಹೆಸರನ್ನಷ್ಟೇ ತಿಳಿದು ಅಂಗಡಿಗೆ ಹೋದವನು ಮೋಸಹೋಗುವ ಸಂಭವವುಂಟು.

ಎರಡನೆಯದು ಆಕಾರ. ಮೇಜಿನ ಗಣಕದ ಪಟ್ಟಿ ಸುಮಾರು 13 ಸೆಂಟಿಮೀಟರ್ ಉದ್ದವಿರುತ್ತದೆ. ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ತಲೆಮಾರು ಒಂದೇ ಆದರೂ ಒಂದನ್ನು ಮತ್ತೊಂದರ ಸ್ಥಾನದಲ್ಲಿಡಲು ಆಗುವುದಿಲ್ಲ. ಇದಲ್ಲದೆ, ದೊಡ್ಡ ಕಚೇರಿಗಳ ಸರ್ವರ್ ಯಂತ್ರಗಳಿಂದ ತೆಗೆದ ಪಟ್ಟಿಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವುದುಂಟು. ‘ರಿಜಿಸ್ಟರ್ಡ್’ ಎಂದು ಗುರುತಿಸಿರುವ ಅಂಥ ಪಟ್ಟಿಗಳು ಮನೆಯ ಸಾಮಾನ್ಯ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಅಗ್ಗವೆಂದು ಕೊಂಡದ್ದು ಮೇಜಿನ ಖಾನೆಯಲ್ಲಿ ಉಳಿದುಹೋಗುತ್ತದೆ.

ಮೂರನೆಯದು ಪ್ರಮಾಣ ಮತ್ತು ಜೋಡಿ. ಹೆಚ್ಚಿನ ಮನೆಯ ಬೋರ್ಡುಗಳಲ್ಲಿ ಸ್ಮರಣೆಗೂ ಪ್ರೊಸೆಸರಿಗೂ ನಡುವೆ ಎರಡು ಹಾದಿಗಳಿವೆ. 3200 ಎಂಬ ವೇಗದ ಡಿಡಿಆರ್4 ಪಟ್ಟಿಯು ಸೆಕೆಂಡಿಗೆ 320 ಕೋಟಿ ಬಾರಿ, ಪ್ರತಿಸಲವೂ 8 ಬೈಟಿನಂತೆ ಮಾಹಿತಿಯನ್ನು ಸಾಗಿಸಬಲ್ಲುದು; ಎಂದರೆ ಸೆಕೆಂಡಿಗೆ 25.6 ಗಿಗಾಬೈಟ್. ಒಂದೇ ಪಟ್ಟಿ ಇದ್ದರೆ ಒಂದು ಹಾದಿ ಖಾಲಿ ಉಳಿಯುತ್ತದೆ. ಎರಡು ಪಟ್ಟಿಗಳನ್ನು ಹಾದಿಗೊಂದರಂತೆ ಇಟ್ಟರೆ ಸಾಮರ್ಥ್ಯ 51.2 ಗಿಗಾಬೈಟ್ ಆಗುತ್ತದೆ. ಆದುದರಿಂದ ಆಟಕ್ಕಾಗಿ 16 ಗಿಗಾಬೈಟಿನ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿಗಳು ಲೇಸು. ನಾಲ್ಕು ಸ್ಲಾಟುಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಅವನ್ನು ಇಡುವುದು ಸಾಮಾನ್ಯ ಕ್ರಮ; ಬೋರ್ಡಿನ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕು.

ನೊಗಕ್ಕೆ ಹೂಡುವ ಜೋಡಿ ಸಮನಾಗಿರಬೇಕು ಎಂಬುದು ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಸ್ಮರಣೆಗೂ ಸಲ್ಲುತ್ತದೆ. ವೇಗವಾದ ಪಟ್ಟಿಯ ಜೊತೆಗೆ ನಿಧಾನವಾದುದನ್ನು ಇಟ್ಟರೆ ಎರಡೂ ನಿಧಾನದ ನಡೆಗೇ ಇಳಿಯುತ್ತವೆ. ಕೆಲವೊಮ್ಮೆ ಯಂತ್ರವೇ ನಡುವೆ ನಿಂತುಹೋಗುತ್ತದೆ. ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಮಾರುವ ಪಟ್ಟಿಗಳನ್ನು ತಯಾರಕರು ಒಟ್ಟಿಗೆ ಪರೀಕ್ಷಿಸಿರುತ್ತಾರೆ. ಆದುದರಿಂದ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಜೋಡಿಯನ್ನು ಕೊಳ್ಳುವುದು ಕ್ಷೇಮ. ಪಟ್ಟಿಗಳು ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸುವುದೂ ಸರಿಯಲ್ಲ. ಎಎಂಡಿಯ ರೈಜೆನ್ 7000 ಸರಣಿಯ ಪ್ರೊಸೆಸರುಗಳಿಗೆ ಎರಡು ಡಿಡಿಆರ್5 ಪಟ್ಟಿಗಳಿದ್ದಾಗ ತಯಾರಕರು ಘೋಷಿಸಿರುವ ವೇಗ 5200. ನಾಲ್ಕು ಪಟ್ಟಿಗಳಿದ್ದಾಗ ಅದು 3600.

ನಾಲ್ಕನೆಯದು ವೇಗ. ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆಯನ್ನು ನೋಡಿ ಮರುಳಾಗುವವರು ಬಹಳ. ಆದರೆ ಅದರ ಪಕ್ಕದಲ್ಲಿ ‘ಸಿಎಲ್’ ಎಂಬ ಅಕ್ಷರಗಳೊಡನೆ ಇನ್ನೊಂದು ಸಂಖ್ಯೆ ಇರುತ್ತದೆ. ಕೇಳಿದ ಮಾಹಿತಿಯ ಮೊದಲ ಕಂತು ಬರುವ ಮುನ್ನ ತಾಳದ ಎಷ್ಟು ಪೆಟ್ಟುಗಳು ಕಳೆಯುತ್ತವೆ ಎಂಬುದನ್ನು ಅದು ತಿಳಿಸುತ್ತದೆ. 3200 ವೇಗದ ಪಟ್ಟಿಯಲ್ಲಿ ಸೆಕೆಂಡಿಗೆ 160 ಕೋಟಿ ಪೆಟ್ಟುಗಳು. ಅದರ ಸಿಎಲ್ 16 ಆಗಿದ್ದರೆ ಕಾಯುವ ಕಾಲ 10 ನ್ಯಾನೊಸೆಕೆಂಡ್. 6000 ವೇಗದ ಪಟ್ಟಿಯಲ್ಲಿ 300 ಕೋಟಿ ಪೆಟ್ಟುಗಳು. ಸಿಎಲ್ 30 ಆಗಿದ್ದರೆ ಅಲ್ಲಿಯೂ 10 ನ್ಯಾನೊಸೆಕೆಂಡ್. ಎರಡನೆಯದು ಒಮ್ಮೆ ಹರಿಯಲಾರಂಭಿಸಿದ ಮೇಲೆ ಹೆಚ್ಚು ಮಾಹಿತಿಯನ್ನು ತರುತ್ತದೆ, ನಿಜ. ಆದರೆ ಮೊದಲ ಕಂತಿಗಾಗಿ ಎರಡರಲ್ಲಿಯೂ ಅಷ್ಟೇ ಕಾಯಬೇಕು. ಆದುದರಿಂದ ಎರಡು ಸಂಖ್ಯೆಗಳನ್ನೂ ಕೂಡಿಸಿಯೇ ಓದಬೇಕು.

ಇನ್ನೊಂದು ಸಂಗತಿಯೂ ಇಲ್ಲಿದೆ. ಪ್ರತಿಯೊಂದು ಪಟ್ಟಿಯಲ್ಲಿಯೂ ಅದರ ಗುಣವಿಶೇಷಗಳನ್ನು ಬರೆದಿಟ್ಟಿರುವ ಒಂದು ಪುಟ್ಟ ಚಿಪ್ಪು ಇರುತ್ತದೆ. ಅದು ಪಟ್ಟಿಯ ಜಾತಕವಿದ್ದಂತೆ. ಗಣಕವು ಎಚ್ಚರಗೊಂಡೊಡನೆ ಈ ಜಾತಕವನ್ನು ಓದಿ ಎಲ್ಲರಿಗೂ ಒಪ್ಪುವ ಸುರಕ್ಷಿತವಾದ ವೇಗವನ್ನು ಆರಿಸಿಕೊಳ್ಳುತ್ತದೆ. 6000 ಎಂದು ಬರೆದಿರುವ ಪಟ್ಟಿಯೂ ಅನೇಕ ವೇಳೆ ಮೊದಲು 4800ರಲ್ಲಿಯೇ ನಡೆಯುತ್ತದೆ. ಬರೆದಿರುವ ವೇಗ ಬೇಕಾದರೆ ಬಯಾಸ್ ಎಂಬ ಆರಂಭದ ವ್ಯವಸ್ಥೆಯಲ್ಲಿ, ಇಂಟೆಲ್ ರೂಪಿಸಿದ ಎಕ್ಸ್‌ಎಂಪಿ ಅಥವಾ ಎಎಂಡಿ ರೂಪಿಸಿದ ಎಕ್ಸ್‌ಪೋ ಎಂಬ ಆಯ್ಕೆಯನ್ನು ತೆರೆಯಬೇಕು. ಇದನ್ನರಿಯದೆ ಹೆಚ್ಚಿನ ಬೆಲೆ ತೆತ್ತು ಕಡಿಮೆ ವೇಗದಲ್ಲಿಯೇ ವರ್ಷಗಟ್ಟಲೆ ಆಡುವವರಿದ್ದಾರೆ. ಯಾವ ಪಟ್ಟಿ ತಮ್ಮ ಬೋರ್ಡಿನಲ್ಲಿ ಯಾವ ವೇಗದಲ್ಲಿ ಪರೀಕ್ಷೆಗೆ ನಿಂತಿದೆ ಎಂಬ ಯಾದಿಯನ್ನು ಬೋರ್ಡಿನ ತಯಾರಕರೇ ಪ್ರಕಟಿಸುತ್ತಾರೆ. ಕೊಳ್ಳುವ ಮುನ್ನ ಅದನ್ನು ಒಮ್ಮೆ ನೋಡುವುದು ವಿವೇಕ.

ಇಷ್ಟಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ಕೊರತೆ ಇರುವುದು ಸ್ಮರಣೆಯಲ್ಲಿಯೇ? ಆಟ ನಡೆಯುತ್ತಿರುವಾಗ ಎಷ್ಟು ಸ್ಮರಣೆ ಬಳಕೆಯಾಗುತ್ತಿದೆ ಎಂಬುದನ್ನು ಗಣಕವೇ ತೋರಿಸುತ್ತದೆ. ಅರ್ಧದಷ್ಟು ಬರಿದಾಗಿಯೇ ಇದ್ದರೆ ತೊಂದರೆಯ ಮೂಲ ಗ್ರಾಫಿಕ್ಸ್ ಕಾರ್ಡಿನಲ್ಲಿಯೋ ಪ್ರೊಸೆಸರಿನಲ್ಲಿಯೋ ಇರಬಹುದು. ಆಗ ಹೊಸ ಸ್ಮರಣೆಯನ್ನು ತಂದರೂ ಪ್ರಯೋಜನವಿಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳಿಗೆ ಸ್ಮರಣೆಯ ಬೇಡಿಕೆ ಹೆಚ್ಚಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಇದರ ಬೆಲೆ ಬಹಳವಾಗಿ ಏರಿತು. ಬೆಲೆ ಏರುವಾಗ ತಪ್ಪು ಆಯ್ಕೆಯ ಭಾರವೂ ಏರುತ್ತದೆ.

ಜೋಡಿಸುವಾಗಲೂ ಎಚ್ಚರ ಬೇಕು. ಗಣಕವನ್ನು ನಿಲ್ಲಿಸಿ ವಿದ್ಯುತ್ತಿನ ತಂತಿಯನ್ನು ಕೀಳಬೇಕು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಹರಿದುಹೋಗುವಂತೆ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಬೇಕು. ಬಂಗಾರದ ಬಣ್ಣದ ಸಂಪರ್ಕಗಳನ್ನು ಬೆರಳಿನಿಂದ ಸೋಕದೆ ಪಟ್ಟಿಯ ಅಂಚುಗಳನ್ನು ಹಿಡಿದು, ಕಚ್ಚು ಕೂರುವುದನ್ನು ಕಣ್ಣಾರೆ ಕಂಡ ಮೇಲೆ ಎರಡು ತುದಿಗಳನ್ನೂ ಸಮನಾಗಿ ಒತ್ತಬೇಕು. ಕ್ಲಿಪ್ಪು ಟಿಕ್ಕೆಂದು ಬಿಗಿಯುತ್ತದೆ. ಡಿಡಿಆರ್5 ಇರುವ ಯಂತ್ರವು ಮೊದಲ ಸಲ ಹೊಸ ಸ್ಮರಣೆಯನ್ನು ಪರಿಚಯಮಾಡಿಕೊಳ್ಳಲು ಕೆಲವು ನಿಮಿಷಗಳನ್ನು ತೆಗೆದುಕೊಳ್ಳಬಹುದು. ಪರದೆ ಕಪ್ಪಾಗಿದೆಯೆಂದು ಗಾಬರಿಯಿಂದ ವಿದ್ಯುತ್ತನ್ನು ತಪ್ಪಿಸಬಾರದು.

ಆ ಮನೆಯ ಕಥೆ ಸುಖವಾಗಿಯೇ ಮುಗಿಯುತ್ತದೆ. ಬಲ ಹಾಕದ ಕಾರಣ ಹೊಸ ಪಟ್ಟಿಗೆ ಗಾಯವಾಗಿರಲಿಲ್ಲ. ಅಂಗಡಿಯವರು ಅದನ್ನು ಹಿಂದಕ್ಕೆ ಪಡೆದು, ತಂಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಬೋರ್ಡಿನ ಹೆಸರನ್ನು ನೋಡಿ, ಡಿಡಿಆರ್4 ಸ್ಮರಣೆಯ 8 ಗಿಗಾಬೈಟಿನ ಜೋಡಿಯೊಂದನ್ನು ಕೊಡುತ್ತಾರೆ. ಹಣದಲ್ಲಿ ಸ್ವಲ್ಪ ಉಳಿಯುತ್ತದೆ. ಅದು ತಾಯಿಯ ಕೈಗೆ ಮರಳುತ್ತದೆ. ಸಂಜೆ ವಿಮಾನವು ನಗರದ ಮೇಲೆ ತಡೆಯಿಲ್ಲದೆ ಹಾರುತ್ತದೆ. ಅಣ್ಣನು ನಿಯಂತ್ರಣವನ್ನು ತಂಗಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ನೋಡುತ್ತಾನೆ.